ಸಂಡೂರಿನ ಗುಡ್ಡದಲ್ಲಿ ಎರಡು ದಿನ: ಗಡಿಭಾಗದ ಸದಸ್ಯರಿಗೆ ಕಾಡು, ಕಾಟೇಜು, ಗುಡಿಗಳ ಮಾಹಿತಿ



ಬೇಸಿಗೆ ರಜೆ, ದಸರಾ ರಜೆ ಹತ್ತಿರ ಬಂತೆಂದರೆ ಕಾರ್ಯದರ್ಶಿಯಾದ ನನಗೆ ಒಂದೇ ಬಗೆಯ ಫೋನುಗಳು ಬರುತ್ತವೆ. "ಮಕ್ಕಳು ಗುಡ್ಡ, ಕಾಡು ನೋಡಬೇಕು ಅಂತಿದಾರೆ ಸಾರ್. ಕಾಡಿನ ನಡುವೆ ಮನೆ ತರಹ ಕಾಟೇಜ್ ಇರುತ್ತಾವಂತಲ್ಲ, ಅಂಥಲ್ಲಿ ಎರಡು ದಿನ ಇರಬೇಕು. ಊಟಿಗೆ ಹೋಗೋಣವೋ, ಕೊಡಗಿಗೆ ಹೋಗೋಣವೋ?" ಕೇಳುವವರು ರಾಯದುರ್ಗದವರಿರಲಿ, ಡಿ. ಹಿರೇಹಾಳಿನವರಿರಲಿ, ನಾನು ಮೊದಲು ಕೇಳುವ ಮರುಪ್ರಶ್ನೆ "ಸಂಡೂರು ನೋಡಿದ್ದೀರಾ?" ಎಂದು. ಹತ್ತರಲ್ಲಿ ಎಂಟು ಮಂದಿ ನೋಡಿರುವುದಿಲ್ಲ. ನೋಡಿದ್ದೇವೆ ಎನ್ನುವ ಇಬ್ಬರು ಅದಿರಿನ ಲಾರಿ ಕೆಲಸಕ್ಕೆ ಹೋಗಿ ಬಂದವರು.

ಬಳ್ಳಾರಿ ನಮಗೆ ಪೇಟೆ, ಆಸ್ಪತ್ರೆ, ಕಾಲೇಜು ಎಲ್ಲವೂ ಹೌದು. ವಾರಕ್ಕೊಮ್ಮೆ ಯಾರಾದರೂ ಹೋಗುತ್ತಲೇ ಇರುತ್ತೇವೆ. ಅಲ್ಲಿಂದ ಹೊಸಪೇಟೆ ರಸ್ತೆ ಹಿಡಿದು ಕುಡತಿನಿ ದಾಟಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಹತ್ತಿರ ಎಡಕ್ಕೆ ತಿರುಗಿದರೆ ಸಂಡೂರು. ಬಳ್ಳಾರಿಯಿಂದ ಒಟ್ಟು ಒಂದೂವರೆ ಗಂಟೆಯ ದಾರಿ. ಆ ಕಣಿವೆಯ ಬಗ್ಗೆ ಒಮ್ಮೆ ಪೂರ್ತಿಯಾಗಿ ಬರೆದಿಟ್ಟರೆ ಪ್ರತಿ ಸಲ ಫೋನಿನಲ್ಲಿ ಹೇಳುವುದು ತಪ್ಪುತ್ತದೆ ಎಂಬ ಉದ್ದೇಶದಿಂದ ಈ ಲೇಖನ. ಇತರ ಕೆಲವು ಸ್ಥಳಗಳ ವಿವರ, ಮುಖ್ಯವಾಗಿ ಮಡಕಶಿರಾ ಕಡೆಯ ಸದಸ್ಯರಿಗೆ ಅನುಕೂಲವಾಗುವಂಥವು, ಕೊನೆಯಲ್ಲಿವೆ.

ನಮ್ಮ ಜಿಲ್ಲೆಯ ಗಿರಿಧಾಮ

ಹಳಬರಿಗೆ ಗೊತ್ತಿರುವ, ಹೊಸಬರಿಗೆ ಯಾರೂ ಹೇಳದ ಸಂಗತಿಯಿಂದಲೇ ಆರಂಭಿಸುತ್ತೇನೆ. 1953ರ ಅಕ್ಟೋಬರ್ 1ರವರೆಗೆ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ಅಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ಈ ಮೂರು ತಾಲ್ಲೂಕುಗಳು ಆ ಕಡೆ ಹೋದವು, ಬಳ್ಳಾರಿ ಸೇರಿ ಉಳಿದವು ಮೈಸೂರಿಗೆ ಬಂದವು. ಇನ್ನೂ ಹಿಂದಕ್ಕೆ ಹೋದರೆ, 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಗುವ ಮುನ್ನ ಮಡಕಶಿರಾ ಕೂಡ ಬಳ್ಳಾರಿಗೇ ಸೇರಿತ್ತು. ಮಡಕಶಿರಾದ ಸದಸ್ಯರು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯವರಾಗಿದ್ದಾರೆ. ನಮ್ಮ ಜನ ಕೂತಲ್ಲೇ ಕೂತಿದ್ದು ಎಷ್ಟು ಜಿಲ್ಲೆ ಸುತ್ತಿದ್ದಾರೆ ನೋಡಿ.

ಆ ಹಳೆಯ ಬಳ್ಳಾರಿ ಜಿಲ್ಲೆಗೆ ತನ್ನದೇ ಒಂದು ಗಿರಿಧಾಮವಿತ್ತು. ಅದು ಸಂಡೂರು ಸಾಲಿನ ಮೇಲಿನ ರಾಮನದುರ್ಗ. ಈಗ ಜನ ರಾಮಗಡ ಎನ್ನುತ್ತಾರೆ. ಬಳ್ಳಾರಿಯ ದಂಡಿನಲ್ಲಿದ್ದ ಇಂಗ್ಲಿಷ್ ಸೋಲ್ಜರುಗಳು ಇಲ್ಲಿನ ಬಿಸಿಲಿಗೆ ಸೋತು ಮಲಗುತ್ತಿದ್ದರಂತೆ. ಅವರಿಗಾಗಿ 1840ರ ದಶಕದಲ್ಲಿ ಸಂಡೂರು ರಾಜರ ಒಪ್ಪಿಗೆ ಪಡೆದು, ಸಮುದ್ರಮಟ್ಟದಿಂದ 3,000 ಅಡಿಗೂ ಮೇಲಿರುವ ಆ ಬಯಲಿನಲ್ಲಿ ಆರೋಗ್ಯಧಾಮ ಮಾಡಿದರು. ಬಂಗಲೆಗಳು ಬಂದವು, ಬ್ಯಾರಕ್ಕು ಬಂತು. ಬಳ್ಳಾರಿಯ ಸಾಹೇಬರು ಬೇಸಿಗೆಗೆ ಹೆಂಡತಿ ಮಕ್ಕಳೊಂದಿಗೆ ಅಲ್ಲಿಗೆ ಏರುತ್ತಿದ್ದರು. ಅಂದರೆ "ಕಾಡಿನ ನಡುವೆ ಮನೆ ತರಹ ಕಾಟೇಜ್" ಎನ್ನುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಅದರಲ್ಲಿ ಮಲಗುವ ಯೋಗ ಮಾತ್ರ ನಮ್ಮವರಿಗೆ ಇರಲಿಲ್ಲ.

ಇವತ್ತು ಅಲ್ಲಿ ಉಳಿದಿರುವುದು ಮುರಿದ ಗೋಡೆಗಳು, ಕೆಲವು ಗೋರಿಗಳು, ಮತ್ತು ಊರಿಗೆ ಹೆಸರು ಕೊಟ್ಟ ರಾಮನ ಗುಡಿ. ಕುಮಾರರಾಮನ ಕಥೆಯಲ್ಲಿ ಬರುವ ಹೊಸಮಲೆದುರ್ಗ ಇದೇ ಎಂದು ಹೇಳುವುದುಂಟು. ಉಳಿದುಕೊಳ್ಳುವ ಸೌಕರ್ಯ ನೆಚ್ಚಿಕೊಂಡು ರಾಮಗಡಕ್ಕೆ ಹೋಗಬೇಡಿ. ಬೆಳಿಗ್ಗೆ ಹೋಗಿ ಬುತ್ತಿ ಬಿಚ್ಚಿ ಉಂಡು, ಸಂಜೆಯೊಳಗೆ ಸಂಡೂರಿಗೆ ಇಳಿಯುವುದೇ ಸರಿ. ದಾರಿಯಲ್ಲಿ ಗಣಿಗಳಿರುವುದರಿಂದ ಮಳೆಗಾಲದಲ್ಲಿ ರಸ್ತೆ ಹೇಗಿದೆ ಎಂದು ಸಂಡೂರಿನಲ್ಲಿ ವಿಚಾರಿಸಿಕೊಂಡೇ ಹತ್ತಬೇಕು. ಮೋಡ ಇಳಿದ ದಿನ ಆ ಬಯಲಿನಲ್ಲಿ ನಿಂತರೆ, ಮೂರು ತಾಸಿನ ಹಿಂದೆ ಡಿ. ಹಿರೇಹಾಳಿನ ಬಸ್‌ಸ್ಟ್ಯಾಂಡಿನಲ್ಲಿ ಬೆವರು ಒರೆಸಿಕೊಂಡದ್ದು ನೀವೇನಾ ಎನಿಸುತ್ತದೆ.

ಕಣಿವೆ ಮತ್ತು ಕುಮಾರಸ್ವಾಮಿ

ಸಂಡೂರು ಬಟ್ಟಲಿನಂಥ ಊರು. ಎರಡು ಬದಿಗೂ ಉದ್ದಕ್ಕೆ ಗುಡ್ಡದ ಸಾಲು, ನಡುವೆ ಕಣಿವೆ. ಆ ಕಣಿವೆಯ ನೀರನ್ನೆಲ್ಲ ನಾರಿಹಳ್ಳ ಎಂಬ ಒಂದೇ ಹಳ್ಳ ಒಯ್ಯುತ್ತದೆ. ಅದು ಗುಡ್ಡವನ್ನು ಸೀಳಿಕೊಂಡು ಹರಿಯುವ ಎರಡು ಕಿರಿದಾದ ಕಂದರಗಳಿಗೆ ಉಬ್ಬಲಗಂಡಿ, ಭೀಮಗಂಡಿ ಎಂದು ಹೆಸರು. ಗಂಡಿ ಎಂದರೆ ನಮ್ಮ ಕಡೆ ಬೇಲಿಯ ಸಂದಿಗೂ ಹೇಳುವ ಮಾತೇ. ಎರಡು ಕಡೆ ಬಂಡೆ ಗೋಡೆಯಂತೆ ನಿಂತಿರುವ ಜಾಗದಲ್ಲಿ ನಿಂತು ನೋಡಿದರೆ ಹೆಸರಿಟ್ಟವರು ಲೆಕ್ಕಾಚಾರವಿಲ್ಲದೆ ಇಟ್ಟಿಲ್ಲ ಎಂದು ತಿಳಿಯುತ್ತದೆ. ತಾರಾನಗರದ ಹತ್ತಿರ ನಾರಿಹಳ್ಳಕ್ಕೆ ಅಣೆಕಟ್ಟಿದೆ. ಮಳೆ ಚೆನ್ನಾಗಿ ಆದ ವರ್ಷ ಗುಡ್ಡದ ಹಸಿರೆಲ್ಲ ಆ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತದೆ. ಮಕ್ಕಳನ್ನು ನೀರಿಗೆ ಇಳಿಸಬೇಡಿ.

ಗಾಂಧೀಜಿಯವರು 1934ರಲ್ಲಿ ಇಲ್ಲಿಗೆ ಬಂದಿದ್ದರು. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದು ಅವರು ಹೇಳಿದರೆಂಬುದು ಇಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಯಾರು ಹೇಳಿದ್ದೇ ಆಗಲಿ, ಮಾತು ನಿಜ. ಜೂನಿನಿಂದ ಮಳೆ ಹಿಡಿದು, ಆಗಸ್ಟ್ ಕಳೆಯುವ ಹೊತ್ತಿಗೆ ಕೆಂಪು ಮಣ್ಣೆಲ್ಲ ಹುಲ್ಲಿನಡಿ ಮುಚ್ಚಿಹೋಗಿರುತ್ತದೆ. ಮಾರ್ಚಿನಿಂದ ಮೇ ತಿಂಗಳವರೆಗೆ ಹೋದವರು ಒಣ ಕಾಡು ನೋಡಿ ನನ್ನನ್ನು ಬೈಯುತ್ತಾರೆ. ಆದ್ದರಿಂದ ಬೇಸಿಗೆ ರಜೆಗಿಂತ ದಸರಾ ರಜೆಯೇ ಇಲ್ಲಿಗೆ ಮೇಲು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ ಕೇರಳದ ಮುನ್ನಾರಿನಲ್ಲಿ ಮಾತ್ರ ಎಂದು ತಿಳಿದವರು ಬಹಳ. ಅದು ಸಂಡೂರಿನ ಗುಡ್ಡಗಳಲ್ಲೂ ಇದೆ.

ಸಂಡೂರಿನಿಂದ ಹತ್ತು ಹನ್ನೆರಡು ಕಿಲೋಮೀಟರು ಕಾಡಿನೊಳಗೆ ಏರಿದರೆ ಸ್ವಾಮಿಮಲೆಯ ಕುಮಾರಸ್ವಾಮಿ. ಅಲ್ಲಿರುವುದು ಒಂದು ಗುಡಿಯಲ್ಲ, ಪಾರ್ವತಿಯದೊಂದು, ಕುಮಾರಸ್ವಾಮಿಯದೊಂದು, ಅಕ್ಕಪಕ್ಕ. ಪಾರ್ವತಿ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು, ಮಗನ ಗುಡಿ ರಾಷ್ಟ್ರಕೂಟರ ಕಾಲದ್ದು ಎನ್ನುತ್ತಾರೆ. 10ನೇ ಶತಮಾನದ ಶಾಸನಗಳಿವೆ. ಹಂಪಿಗಿಂತ ಎಷ್ಟೋ ನೂರು ವರ್ಷ ಹಿಂದಿನ ಕೆಲಸ ಎಂಬುದನ್ನು ಮಕ್ಕಳಿಗೆ ಹೇಳಿ ತೋರಿಸಿ. ಪಾರ್ವತಿ ಗುಡಿಯ ಹೊರಗೋಡೆಯ ಗೂಡುಗಳಲ್ಲಿರುವ ಮೂರ್ತಿಗಳನ್ನು ಅವಸರವಿಲ್ಲದೆ ನೋಡಬೇಕು.

ತಾರಕಾಸುರನನ್ನು ಕೊಂದ ಕುಮಾರಸ್ವಾಮಿ ನೆಲೆಸಿದ ಜಾಗ ಇದು, ತಾಯಿಯ ಮೇಲೆ ಮುನಿಸಿಕೊಂಡು ಇಲ್ಲಿಗೆ ಬಂದ ಎಂಬುದು ಸ್ಥಳದ ಕಥೆ. ಆ ಮುನಿಸಿನ ಕಾರಣ ಹೇಳಿ ಕುಮಾರಸ್ವಾಮಿಯ ಗುಡಿಯೊಳಗೆ ಹೆಂಗಸರು ಹೋಗದ ಸಂಪ್ರದಾಯ ಬಹುಕಾಲದಿಂದ ನಡೆದು ಬಂದಿದೆ. ಪಾರ್ವತಿಯ ಗುಡಿಗೆ ಎಲ್ಲರೂ ಹೋಗುತ್ತಾರೆ. ನಮ್ಮ ಮನೆಯವರು ಒಮ್ಮೆ ಹೊರಗೆ ಕಟ್ಟೆಯ ಮೇಲೆ ಕೂತು "ಮುನಿಸು ನಿಮ್ಮ ಸ್ವಾಮಿಯದು, ಬಿಸಿಲು ನಮಗೆ" ಎಂದಿದ್ದರು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಕುಟುಂಬದೊಂದಿಗೆ ಹೋಗುವವರಿಗೆ ಮೊದಲೇ ಗೊತ್ತಿರಲಿ ಎಂದು ಬರೆದಿದ್ದೇನೆ. ಇನ್ನೊಂದು ಕಡೆಯಿಂದ ನೋಡಿದರೆ, ದೇಶದ ಬಹಳಷ್ಟು ದೇವಾಲಯಗಳು ಬಾಗಿಲು ಹಾಕಿಕೊಂಡಿದ್ದ 1930ರ ದಶಕದಲ್ಲಿಯೇ ಸಂಡೂರಿನ ರಾಜರು ಈ ಗುಡಿಯನ್ನು ಹರಿಜನರಿಗೆ ತೆರೆದರು. ಗಾಂಧೀಜಿ ಮೆಚ್ಚಿಕೊಂಡದ್ದು ಬರಿಯ ಹಸಿರನ್ನಲ್ಲ.

ಈ ಬೆಟ್ಟಕ್ಕೆ ಪುರಾಣದ ಹೆಸರು ಲೋಹಾಚಲ. ಕಬ್ಬಿಣದ ಗುಡ್ಡ. ಹಳಬರಿಗೆ ನೆಲದೊಳಗೆ ಏನಿದೆ ಎಂದು ಗೊತ್ತಿತ್ತು.

ಕುಮಾರಸ್ವಾಮಿಗೆ ಹೋಗುವಾಗ ಹರಿಶಂಕರ ತೀರ್ಥವನ್ನು ಬಿಡಬೇಡಿ. ಕಾಡಿನ ಮರಗಳ ನಡುವೆ ಬಂಡೆಯಿಂದ ನೀರು ಬರುತ್ತದೆ. ದೊಡ್ಡ ಜಲಪಾತವೇನಲ್ಲ, ಹಾಗೆಂದು ನೆನೆಸಿ ಹೋಗಬೇಡಿ. ತಣ್ಣಗೆ ಕೂರಲು ಅಂಥ ಜಾಗ ನಮ್ಮ ಸೀಮೆಯಲ್ಲಿ ಮತ್ತೊಂದಿಲ್ಲ.

ಊರಿನಲ್ಲಿ ನೋಡಬೇಕಾದ್ದು ಸಂಡೂರು ಕುಶಲಕಲಾ ಕೇಂದ್ರ. ಲಂಬಾಣಿ ಹೆಣ್ಣುಮಕ್ಕಳು ಕನ್ನಡಿ, ಕವಡೆ ಕೂಡಿಸಿ ಕಸೂತಿ ಹಾಕುವ ಕೆಲಸ ಅಲ್ಲಿ ನಡೆಯುತ್ತದೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದೆ. 2023ರಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಇಲ್ಲಿಯ 450ಕ್ಕೂ ಹೆಚ್ಚು ಹೆಂಗಸರು ಕೂಡಿ ಮಾಡಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಚೌಕಾಸಿ ಮಾಡದೆ ಕೊಳ್ಳಿ ಎಂದು ವಿನಂತಿ. ಓದುವ ಹವ್ಯಾಸದವರಿಗೆ ಒಂದು ಮಾತು: ಲೇಖಕ ವಸುಧೇಂದ್ರ ಅವರು ಇದೇ ಊರಿನವರು. ಅವರ 'ನಮ್ಮಮ್ಮ ಅಂದ್ರೆ ನಂಗಿಷ್ಟ' ಓದಿಕೊಂಡು ಸಂಡೂರಿನ ಬೀದಿಗೆ ಹೋದರೆ ಬೀದಿ ಪರಿಚಯದ್ದೆನಿಸುತ್ತದೆ.

ಎಲ್ಲಿ ಉಳಿಯುವುದು

ಎಲ್ಲರಿಗೂ ಬೇಕಾದ ವಿಷಯ ಇದೇ ಇರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸಂಡೂರಿನಲ್ಲಿಯೇ ಇರುವುದಾದರೆ ಎರಡು ತುದಿಗಳಿವೆ. ಒಂದು ತುದಿಗೆ ಬಸ್‌ಸ್ಟ್ಯಾಂಡ್ ಸುತ್ತಲಿನ ಸಾಮಾನ್ಯ ಲಾಡ್ಜುಗಳು. ಇನ್ನೊಂದು ತುದಿಗೆ ಘೋರ್ಪಡೆ ಮನೆತನದ ಶಿವವಿಲಾಸ ಅರಮನೆ, ಅದು ಈಗ ಹೆರಿಟೇಜ್ ಹೋಟೆಲ್. ಅಲ್ಲಿಯ ಬಾಡಿಗೆ ನನ್ನಂಥ ಪಿಂಚಣಿದಾರರಿಗೆ ಅಲ್ಲ, ಆದರೆ ಮಗ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದು "ಅಪ್ಪಾಜಿ, ಒಂದು ರಾತ್ರಿ ಇರಿ" ಎಂದರೆ ಬೇಡವೆನ್ನಬೇಡಿ.

ನಿಜವಾದ ಅರ್ಥದಲ್ಲಿ ಕಾಡಿನಂಚಿನ ಕಾಟೇಜ್ ಬೇಕೆಂದರೆ ಗುಡ್ಡ ಇಳಿದು ಕಮಲಾಪುರದ ಕಡೆ ಹೋಗಬೇಕು. ಕರ್ನಾಟಕ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ 1980ರಿಂದ ಇಂಥ ವಸತಿಗಳನ್ನು ನಡೆಸುತ್ತಿದೆ. ಕಮಲಾಪುರದ ಹತ್ತಿರ ಅವರದೊಂದು ರೆಸಾರ್ಟ್ ಇದೆ, ಮೊದಲು ಅದಕ್ಕೆ ಸ್ಲಾತ್ ಬೇರ್ ರೆಸಾರ್ಟ್ ಎಂದು ಹೆಸರಿತ್ತು, ಕನ್ನಡದಲ್ಲಿ ಹೇಳುವುದಾದರೆ ಕರಡಿ ರೆಸಾರ್ಟ್. ಬಿಡಿಬಿಡಿಯಾದ ಕಾಟೇಜುಗಳು, ಸುತ್ತ ಬಂಡೆ, ಕುರುಚಲು. ಅವರ ಬಾಡಿಗೆ ನೋಡಿ ಮೊದಲು ಎದೆ ಝಲ್ಲೆನ್ನುವುದು ಸಹಜ. ಅದರಲ್ಲಿ ಊಟ, ತಿಂಡಿ, ಕಾಡು ಸುತ್ತಾಟ ಎಲ್ಲ ಸೇರಿರುತ್ತದೆ ಮತ್ತು ಲೆಕ್ಕ ಒಬ್ಬೊಬ್ಬರಿಗೆ ಇರುತ್ತದೆ, ಕೋಣೆಗಲ್ಲ. ಐವರು ಹೋಗುವಾಗ ಇದನ್ನು ಗಮನಿಸದೆ ಒಬ್ಬರ ದರವನ್ನೇ ಕೋಣೆಯ ದರ ಎಂದುಕೊಂಡವರು ನಮ್ಮ ಸಂಘದಲ್ಲಿಯೇ ಇದ್ದಾರೆ. ಅಷ್ಟು ಬೇಡವೆನ್ನುವವರಿಗೆ ಕಮಲಾಪುರದಲ್ಲಿಯೇ ರಾಜ್ಯ ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿ ಇದೆ. ಅದು ಕಾಡಿನಲ್ಲಿಲ್ಲ, ಊರಿನಲ್ಲಿದೆ, ಆದರೆ ಹಂಪಿಗೂ ಕರಡಿ ಧಾಮಕ್ಕೂ ಹತ್ತಿರ.

ಮೂರನೆಯದು ಸರ್ಕಾರಿ ಐ.ಬಿ. ಮತ್ತು ಅರಣ್ಯ ಇಲಾಖೆಯ ಅತಿಥಿಗೃಹ. ಇದರಲ್ಲಿ ನನಗೆ ಅನುಭವ ಜಾಸ್ತಿ. ಮೂವತ್ತು ವರ್ಷ ಗುಮಾಸ್ತನಾಗಿ ಮೇಲಿನವರಿಗೆ ಐ.ಬಿ. ಕಾದಿರಿಸುವ ಕಾಗದ ಬರೆದವನು ನಾನು. ಆದ್ದರಿಂದ ನನಗೆ ಮೋಸವಾಗುವುದಿಲ್ಲ ಎಂಬ ಹೆಮ್ಮೆ ಇತ್ತು. ನಿವೃತ್ತಿಯಾದ ಮರುವರ್ಷ ಮಲೆನಾಡಿನ ಒಂದು ಅತಿಥಿಗೃಹಕ್ಕೆ ಪತ್ರ ಬರೆದು, ಒಪ್ಪಿಗೆ ಪತ್ರ ತರಿಸಿಕೊಂಡು, ಮೊಹರು ನೋಡಿ, ಟೆಂಪೊ ಮಾಡಿಕೊಂಡು ಹನ್ನೊಂದು ಜನ ಹೋದೆವು. ರಾತ್ರಿ ಎಂಟಕ್ಕೆ ತಲುಪಿದರೆ ಮೇಟಿ ಕೈಮುಗಿದ. ಸಂಜೆಯೇ ಯಾರೋ ಸಾಹೇಬರು ಕರ್ತವ್ಯದ ಮೇಲೆ ಬಂದಿದ್ದಾರೆ, ಕೋಣೆ ಇಲ್ಲ ಎಂದ. ಒಪ್ಪಿಗೆ ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ "ಸರ್ಕಾರಿ ಕರ್ತವ್ಯದ ಮೇಲಿರುವವರು ಬಂದಲ್ಲಿ ರದ್ದುಪಡಿಸಲಾಗುವುದು" ಎಂದು ಇತ್ತು. ಅಂಥ ಸಾಲನ್ನು ನೂರು ಸಲ ನಾನೇ ಟೈಪು ಮಾಡಿದ್ದೆ. ಹನ್ನೊಂದು ಜನ ಟೆಂಪೊದಲ್ಲಿ ಮಲಗಿದೆವು. ನನ್ನ ಸೊಸೆ ಇವತ್ತಿಗೂ "ಮಾವಾ, ಮೊಹರು ಗಟ್ಟಿಯಾಗಿದೆಯಾ?" ಎಂದು ಕೇಳುತ್ತಾಳೆ. ಆದ್ದರಿಂದ ಐ.ಬಿ. ಸಿಕ್ಕರೆ ಸಂತೋಷ, ಆದರೆ ಹತ್ತಿರದ ಊರಿನಲ್ಲಿ ಇನ್ನೊಂದು ಲಾಡ್ಜಿನ ಫೋನ್ ನಂಬರು ಜೇಬಿನಲ್ಲಿರಲಿ.

ಕರಡಿಗಳ ಸಂಜೆ

ದರೋಜಿ ಕರಡಿ ಧಾಮ 1994ರಲ್ಲಿ ಆದದ್ದು. ಮೊದಲು 55.87 ಚದರ ಕಿಲೋಮೀಟರು ಇದ್ದದ್ದು ಆಮೇಲೆ ವಿಸ್ತಾರವಾಗಿ ಈಗ 82 ಚದರ ಕಿಲೋಮೀಟರು ದಾಟಿದೆ. ಬಂಡೆಗುಡ್ಡಗಳ ಈ ಕುರುಚಲು ಕಾಡನ್ನು ನೋಡಿ "ಇದೇನು ಕಾಡು, ನಮ್ಮ ರಾಯದುರ್ಗದ ಗುಡ್ಡದ ಹಾಗೇ ಇದೆ" ಎನ್ನುವವರುಂಟು. ಹೌದು, ಹಾಗೇ ಇದೆ. ಕರಡಿಗೆ ಬೇಕಾದದ್ದೇ ಅದು: ಹಗಲು ಮಲಗಲು ಬಂಡೆಯ ಗವಿ, ತಿನ್ನಲು ಗೆದ್ದಲು, ಬಾರೆಹಣ್ಣು, ಕವಳಿಹಣ್ಣು, ಜೇನು.

ಮಧ್ಯಾಹ್ನದ ಮೇಲೆ ವೀಕ್ಷಣಾ ಗೋಪುರಕ್ಕೆ ಬಿಡುತ್ತಾರೆ. ಎದುರಿನ ಬಂಡೆಯ ಮೇಲೆ ಸಿಬ್ಬಂದಿ ಬೆಲ್ಲ ಕಲಸಿದ ಪಾಕ ಬಳಿದಿರುತ್ತಾರೆ, ಬಿಸಿಲು ಇಳಿಯುತ್ತಿದ್ದಂತೆ ಒಂದೊಂದಾಗಿ ಕರಡಿಗಳು ಬರುತ್ತವೆ. ತಾಯಿ ಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ಬರುವುದನ್ನು ನೋಡುವ ಭಾಗ್ಯ ನಮಗೆ ಒಮ್ಮೆ ಸಿಕ್ಕಿತು. ಇಡೀ ಗೋಪುರದಲ್ಲಿ ಉಸಿರಾಟದ ಸದ್ದು ಮಾತ್ರ ಇತ್ತು, ಯಾರದೋ ಮೊಬೈಲು ಕೂಗುವವರೆಗೆ. ಮೊಬೈಲು ಬಂದ್ ಮಾಡಿ ಕೂರಿ. ದುರ್ಬೀನು ಇದ್ದರೆ ತನ್ನಿ, ಬಂಡೆ ದೂರದಲ್ಲಿದೆ. ನವಿಲು, ಬಣ್ಣದ ಚಿಟ್ಟುಕೋಳಿ ಇರುತ್ತವೆ. ದಖ್ಖನಿನ ಬಂಡೆಗುಡ್ಡಗಳಲ್ಲಷ್ಟೇ ಬದುಕುವ ಹಳದಿ ಕತ್ತಿನ ಪಿಕಳಾರ ಎಂಬ ಹಕ್ಕಿಯನ್ನು ಹುಡುಕಿಕೊಂಡು ದೂರದೂರದವರು ಬರುತ್ತಾರೆ.

ದರೋಜಿ ಎಂದ ಮೇಲೆ ಬುರ್ರಕಥೆ ಈರಮ್ಮನವರನ್ನು ನೆನೆಯದೆ ಮುಂದೆ ಹೋಗಲಾಗದು. 2014ರಲ್ಲಿ ತೀರಿಕೊಂಡ ದರೋಜಿ ಈರಮ್ಮ ಬುಡ್ಗ ಜಂಗಮರ ಮನೆತನದವರು. ಮನೆಯ ಮಾತು ತೆಲುಗು, ಹಾಡಿದ ಕಥೆಗಳು ಕನ್ನಡದಲ್ಲಿ, ಅದೂ ರಾತ್ರಿಗಟ್ಟಲೆ, ಪುಸ್ತಕ ನೋಡದೆ. ನಮ್ಮ ಮಕ್ಕಳನ್ನು "ನೀವು ತೆಲುಗಿನವರೋ ಕನ್ನಡದವರೋ" ಎಂದು ಎರಡು ಕಡೆಯವರೂ ಕೇಳುತ್ತಾರಲ್ಲ, ಆಗ ಹೇಳಲು ನನಗೆ ಈರಮ್ಮನವರ ಹೆಸರಿಗಿಂತ ಒಳ್ಳೆಯ ಉತ್ತರ ಸಿಕ್ಕಿಲ್ಲ.

ರಾಯದುರ್ಗ, ಮೊಳಕಾಲ್ಮುರು ಕಡೆಯವರಿಗೆ ಇನ್ನೂ ಹತ್ತಿರದಲ್ಲಿ, ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ, 2013ರಿಂದ ಎರಡನೆಯ ಕರಡಿ ಧಾಮವಿದೆ. ಕರಡಿಗಳಿಗೆ ಜಿಲ್ಲೆ, ರಾಜ್ಯದ ಗಡಿ ಗೊತ್ತಿಲ್ಲ. ನಮ್ಮ ಹೊಲಗಳಿಗೂ ಬರುತ್ತವೆ. ಶೇಂಗಾ ಹೊಲಕ್ಕೆ ನಸುಕಿನಲ್ಲಿ ಹೋಗುವವರು ಒಬ್ಬರೇ ಹೋಗದಿರುವುದು, ಮಾತಾಡುತ್ತಾ ಸದ್ದು ಮಾಡುತ್ತಾ ಹೋಗುವುದು ಒಳ್ಳೆಯದು. ಕರಡಿ ಬೇಕೆಂದು ಮೇಲೆ ಬೀಳುವುದಿಲ್ಲ, ಎದುರಾದಾಗ ಬೆದರಿ ಬೀಳುತ್ತದೆ.

ಕೆಂಪು ದೂಳು

ಇಷ್ಟೆಲ್ಲ ಚೆಂದ ಹೇಳಿ ಗಣಿಯ ಮಾತು ಬಿಟ್ಟರೆ ಹೋಗಿ ಬಂದವರು ನನ್ನನ್ನು ಸುಳ್ಳುಗಾರ ಎನ್ನುತ್ತಾರೆ. ಸಂಡೂರಿಗೆ ಹೋಗುವ ದಾರಿಯಲ್ಲಿ ಅದಿರಿನ ಲಾರಿಗಳು ಸಿಗುತ್ತವೆ, ರಸ್ತೆ ಬದಿಯ ಗಿಡಗಳು ಕೆಂಪಗಿರುತ್ತವೆ, ಕೆಲವು ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿ ಕಡಿದಿರುತ್ತವೆ. ದೋಣಿಮಲೈನಲ್ಲಿ ಕೇಂದ್ರ ಸರ್ಕಾರದ ಗಣಿ 1970ರ ದಶಕದಿಂದ ನಡೆದಿದೆ. 2000ದ ನಂತರ ಚೀನಾಕ್ಕೆ ಅದಿರು ಹೋಗತೊಡಗಿದ ವರ್ಷಗಳಲ್ಲಿ ಏನಾಯಿತು ಎಂಬುದನ್ನು ಡಿ. ಹಿರೇಹಾಳ್ ಮಂಡಲದವರಿಗೆ ನಾನು ಹೇಳಬೇಕಾಗಿಲ್ಲ. ಓಬಳಾಪುರ ನಮ್ಮ ಮಂಡಲದ್ದೇ ಊರು. ಗಡಿಕಲ್ಲು ಎಲ್ಲಿತ್ತು ಎಂಬ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಹೆಚ್ಚು ಅಕ್ರಮ ಕಂಡುಬಂದ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿ, ಉಳಿದವಕ್ಕೆ ಮಿತಿ ಹಾಕಿ ಬಿಟ್ಟಿತು.

ನನಗೆ ಈ ವಿಷಯದಲ್ಲಿ ಎರಡು ಮನಸ್ಸು. ನಮ್ಮ ಬೀದಿಯಲ್ಲಿಯೇ ಎಷ್ಟೋ ಹುಡುಗರು ಆ ಲಾರಿಗಳ ಸ್ಟೇರಿಂಗ್ ಹಿಡಿದು ಮನೆ ಕಟ್ಟಿಸಿದರು, ಅಕ್ಕತಂಗಿಯರ ಮದುವೆ ಮಾಡಿದರು. ನಿಂತಾಗ ಸಾಲದ ಲಾರಿ ಮಾರಿಕೊಂಡು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದರು. ಅವರ ಎದುರು ಗುಡ್ಡ ಉಳಿಯಲಿ ಎಂದು ಭಾಷಣ ಮಾಡುವುದು ಪಿಂಚಣಿ ಬರುವ ನನಗೆ ಸುಲಭ. ಆದರೂ ಲೆಕ್ಕ ಲೆಕ್ಕವೇ. ಸ್ವಾಮಿಮಲೆಯ ಕಾಡಿಗೆ ಸೇರಿದ ದೇವದಾರಿ ಸಾಲಿನಲ್ಲಿ ಕುದುರೆಮುಖ ಕಂಪನಿಗೆ ಹೊಸ ಗಣಿ ಕೊಡುವ ಯೋಜನೆ ಇದೆ. 401 ಹೆಕ್ಟೇರಿಗೂ ಹೆಚ್ಚು ಅರಣ್ಯ, 99,330 ಮರಗಳು. 2024ರ ಜೂನಿನಲ್ಲಿ ಕೇಂದ್ರದ ಉಕ್ಕು ಸಚಿವರು ಅದರ ಕಡತಕ್ಕೆ ಸಹಿ ಹಾಕಿದರು. ಅದೇ ತಿಂಗಳು ರಾಜ್ಯದ ಅರಣ್ಯ ಸಚಿವರು ಜಾಗ ಹಸ್ತಾಂತರಿಸಬೇಡಿ ಎಂದು ಸೂಚಿಸಿದರು. ಕಡತಗಳ ಗತಿ ನನಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಾರದು: ನಿಂತ ಕಡತ ಮುಚ್ಚಿದ ಕಡತವಲ್ಲ. ನೋಡಬೇಕೆನ್ನುವವರು ಈ ವರ್ಷವೇ ನೋಡಿ.

ಇತರ ಬೆಟ್ಟಗಳು

ಜೋಗಿಮಟ್ಟಿ. ರಾಯದುರ್ಗದಿಂದ ಚಿಕ್ಕಜಾಜೂರು ಮಾರ್ಗದ ರೈಲು ಹಿಡಿದರೆ ಮೊಳಕಾಲ್ಮುರು, ಚಳ್ಳಕೆರೆ ದಾಟಿ ಚಿತ್ರದುರ್ಗ. ಊರಿನಿಂದ ಹತ್ತು ಕಿಲೋಮೀಟರಿನಲ್ಲಿ ಸುಮಾರು 3,800 ಅಡಿ ಎತ್ತರದ ಈ ಬೆಟ್ಟ, ಮೇಲೆ ಅರಣ್ಯ ಇಲಾಖೆಯ ಅತಿಥಿಗೃಹ. ಗಾಳಿ ಎಂದರೆ ಟೋಪಿ, ಟವೆಲು ನಿಲ್ಲದು. ಕಾಡಿನೊಳಗೆ ಬಿಡುವ ಸಮಯ, ಅನುಮತಿ ಎರಡನ್ನೂ ಚಿತ್ರದುರ್ಗದ ಅರಣ್ಯ ಕಚೇರಿಯಲ್ಲಿ ಕೇಳಿಕೊಂಡು ಹತ್ತಿ. ಕಾರಿನಲ್ಲಿ ಹೋಗುವವರು ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿರುವ ಅಶೋಕನ ಶಾಸನಗಳನ್ನು ದಾರಿಯಲ್ಲೇ ನೋಡಬಹುದು. ಬಿ.ಎಲ್. ರೈಸ್ ಅವರು 1892ರಲ್ಲಿ ಅವನ್ನು ಪತ್ತೆ ಮಾಡಿದರು. ರಾಯದುರ್ಗದ ಬಾಗಿಲಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯ ಬರಹವಿದ್ದು ನಾವು ನೋಡಿಲ್ಲವೆಂದರೆ ನಾಚಿಕೆ.

ದೇವರಾಯನದುರ್ಗ. ಮಡಕಶಿರಾ, ಹಿಂದೂಪುರದ ಸದಸ್ಯರಿಗೆ ಸಂಡೂರಿಗಿಂತ ಇದೇ ಸರಿ. ಸಿರಾ ಮೇಲೆ ತುಮಕೂರು, ಅಲ್ಲಿಂದ ಅರ್ಧ ತಾಸು. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ, ಪಕ್ಕದ ಕಾಡಿನಲ್ಲಿ ನಾಮದ ಚಿಲುಮೆ. ಈ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿ ಹೊಳೆ ಕೊರಟಗೆರೆ, ಮಧುಗಿರಿ ಕಡೆಯಿಂದ ಹರಿದು ಗಡಿ ದಾಟಿ ಹಿಂದೂಪುರ ಸೀಮೆಯಲ್ಲಿ ಪೆನ್ನೆಗೆ ಸೇರುತ್ತದೆ. ನಿಮ್ಮ ಕೆರೆಬಾವಿಗಳಿಗೆ ನೀರು ಕಳಿಸುವ ಕಾಡು ಅದು. ಮಂಗಗಳ ಕಾಟ ಬಹಳ, ಪೂಜೆಯ ಬುಟ್ಟಿ ಕೈಯಲ್ಲಿ ತೂಗಾಡಿಸಿಕೊಂಡು ಹೋಗಬೇಡಿ.

ನಂದಿಬೆಟ್ಟವನ್ನು ಬಹಳ ಜನ ನೋಡಿದ್ದೀರಿ. 4,851 ಅಡಿ. ಗಾಂಧೀಜಿ 1927 ಮತ್ತು 1936ರಲ್ಲಿ ಆರೋಗ್ಯಕ್ಕಾಗಿ ತಂಗಿದ್ದ ಕಟ್ಟಡವಿದೆ. ಶನಿವಾರ, ಭಾನುವಾರ ಬೆಂಗಳೂರಿನವರೆಲ್ಲ ಅಲ್ಲೇ ಇರುವುದರಿಂದ ವಾರದ ನಡುವೆ ಹೋಗಿ.

ಕೆಮ್ಮಣ್ಣುಗುಂಡಿ, ಬಾಬಾಬುಡನ್‌ಗಿರಿ ದೂರವಾಯಿತು, ಮೂರು ದಿನ ಬೇಕು. ಕೆಮ್ಮಣ್ಣುಗುಂಡಿಯಲ್ಲಿ ತೋಟಗಾರಿಕೆ ಇಲಾಖೆಯ ಕೋಣೆಗಳಿವೆ. ಆ ಸಾಲಿನಲ್ಲಿ ಹುಟ್ಟುವ ವೇದಾವತಿಯೇ ಹಿರಿಯೂರು, ಚಳ್ಳಕೆರೆ ದಾಟಿ ನಮ್ಮ ಭೈರವಾನಿ ತಿಪ್ಪ ಅಣೆಕಟ್ಟಿಗೆ ಬರುವ ಹಗರಿ. ಹುಟ್ಟಿದ ಜಾಗ ನೋಡಬೇಕೆಂಬ ಆಸೆಯುಳ್ಳವರು ಹೋಗಬಹುದು.

ಗಡಿ ದಾಟುವವರು ಗಮನಿಸಬೇಕಾದ್ದು

ಸ್ವಂತ ಕಾರಿಗೆ ತೊಂದರೆಯಿಲ್ಲ. ಬಾಡಿಗೆ ಕಾರು, ಟೆಂಪೊ ಆದರೆ ಕರ್ನಾಟಕದ ಪರ್ಮಿಟ್, ತೆರಿಗೆ ಕಟ್ಟಿದ ರಸೀದಿ ಮಾಲೀಕರ ಬಳಿ ಇದೆಯೇ ಎಂದು ಹೊರಡುವ ಮುನ್ನ ಕಣ್ಣಾರೆ ನೋಡಿ. "ಎಲ್ಲಾ ಇದೆ ಸಾರ್" ಎಂಬ ಮಾತು ರಸೀದಿಯಲ್ಲ. ಅರ್ಧ ದಿನ ರಸ್ತೆ ಬದಿ ನಿಂತ ಅನುಭವ ನಮಗಿದೆ.

ಕರ್ನಾಟಕದ ಬಸ್ಸುಗಳಲ್ಲಿ 2023ರಿಂದ ಹೆಂಗಸರಿಗೆ ಇರುವ ಉಚಿತ ಪ್ರಯಾಣ ಆ ರಾಜ್ಯದ ವಿಳಾಸವಿರುವವರಿಗೆ ಮಾತ್ರ. ನಮ್ಮ ಅಕ್ಕತಂಗಿಯರ ಆಧಾರ್ ಆಂಧ್ರದ್ದು, ಟಿಕೆಟ್ ಕೊಳ್ಳಲೇಬೇಕು. ಕನ್ನಡದಲ್ಲಿ ಎಷ್ಟು ಚೆನ್ನಾಗಿ ಮಾತಾಡಿದರೂ ಕಂಡಕ್ಟರ್ ಕಾರ್ಡು ನೋಡುತ್ತಾನೆ, ಅವನನ್ನು ಬೈಯಬೇಡಿ. ವಸತಿಗೃಹಗಳಲ್ಲಿ ಪ್ರತಿಯೊಬ್ಬರ ಗುರುತಿನ ಚೀಟಿ ಕೇಳುವುದರಿಂದ ಮಕ್ಕಳದ್ದೂ ಇಟ್ಟುಕೊಳ್ಳಿ.

ಸಂಡೂರು ಈಗಲೂ ಬಳ್ಳಾರಿ ಜಿಲ್ಲೆ. ಹೊಸಪೇಟೆ, ಕಮಲಾಪುರ, ಕೂಡ್ಲಿಗಿ 2021ರಿಂದ ವಿಜಯನಗರ ಜಿಲ್ಲೆ. ಅನುಮತಿ ಕಾಗದ ಬರೆಯುವವರು ವಿಳಾಸ ಸರಿಯಾಗಿ ಬರೆಯಿರಿ, ತಪ್ಪಿದರೆ ಕಾಗದ ಊರೂರು ತಿರುಗುತ್ತದೆ.

ಊಟದ ಚಿಂತೆ ಬೇಡ. ನಾವು ಉಗ್ಗಾಣಿ ಎನ್ನುವುದನ್ನು ಸಂಡೂರಿನಲ್ಲಿ ಒಗ್ಗರಣೆ ಎಂದು ಕೇಳಿ, ಮಿರ್ಚಿ ಜೊತೆಗೇ ಬರುತ್ತದೆ. ಗುಡ್ಡದ ಮೇಲೆ ಮಾತ್ರ ಏನೂ ಸಿಗುವುದಿಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಕುಡಿಯುವ ನೀರು ಜೊತೆಗಿರಲಿ. ಉಂಡ ಮೇಲೆ ಪ್ಲಾಸ್ಟಿಕ್ ಕವರುಗಳನ್ನು ವಾಪಸ್ಸು ತನ್ನಿ. ಬೇಸಿಗೆಯಲ್ಲಿ ಬೀಡಿ, ಬೆಂಕಿಕಡ್ಡಿ ಕಾಡಿನೊಳಗೆ ಬೇಡವೇ ಬೇಡ.

ಮಳೆ ನೋಡಿಕೊಂಡು ದಸರೆಯ ನಂತರ ಸಂಘದಿಂದ ಒಂದು ಟೆಂಪೊ ಸಂಡೂರಿಗೆ ಹೊರಡಿಸುವ ಯೋಚನೆ ಇದೆ. ಮೊದಲ ದಿನ ಹರಿಶಂಕರ, ಕುಮಾರಸ್ವಾಮಿ, ನಾರಿಹಳ್ಳ. ಎರಡನೆಯ ದಿನ ಬೆಳಿಗ್ಗೆ ರಾಮಗಡ, ಸಂಜೆ ದರೋಜಿ. ಬರುವವರು ತಮ್ಮ ಹೆಸರು, ಎಷ್ಟು ಜನ, ಊಟ ಸಸ್ಯಾಹಾರವೇ ಎಂಬುದನ್ನು ತಮ್ಮ ತಮ್ಮ ಊರಿನ ಪ್ರತಿನಿಧಿಗಳ ಬಳಿ ಬರೆಸಿ. ವಸತಿಯನ್ನು ಈ ಸಲ ನಾನು ಐ.ಬಿ.ಯಲ್ಲಿ ಕಾದಿರಿಸುವುದಿಲ್ಲ.